ನನ್ನ ಸೊಟ್ಟ ಹೊಲಿಗೆ ಎಲ್ಲಿ?

ಶುಕ್ರವಾರ ಸಂಜೆ ಸ್ಕೂಲಿನಿಂದ ಬಂದ ಹುಡುಗಿ ಬೂಟು ಬಿಚ್ಚದೆ, ಬ್ಯಾಗು ಇಳಿಸದೆ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಳು. ಅಂಗಡಿ ಅಂದರೆ ಬೇರೇನಲ್ಲ, ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಮಶಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೊರಗಿಸಿದ ಆಳೆತ್ತರದ ಕನ್ನಡಿ, ಮೊಳೆಗೆ ಚುಚ್ಚಿಟ್ಟ ಗಿರಾಕಿಗಳ ಅಳತೆ ಚೀಟಿಗಳು. ತಾಯಿ ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿನ ತೋಳಿಗೆ ಅಸ್ತರು ಕೂರಿಸುತ್ತಿದ್ದಳು. ಬೀದಿಗೆಲ್ಲ ಅವಳು ಟೈಲರಕ್ಕ. ಅವಳು ಹೊಲಿದ ಗೆರೆಗೆ ಸ್ಕೇಲು ಹಿಡಿದರೆ ಸ್ಕೇಲೇ ಸೊಟ್ಟ ಇದೆ ಅನ್ನಬೇಕು, ಅಂಥ ಕೈ.

"ಅಮ್ಮಾ, ಫಸ್ಟ್ ಪ್ರೈಜ್ ಬಂತು," ಅಂದಳು ಹುಡುಗಿ.

ಟೈಲರಕ್ಕ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು. "ಯಾವುದಕ್ಕೆ?"

"ಏಪ್ರನ್‌ಗೆ."

ಬಹುಮಾನ ಬಂದವರ ಮುಖ ಹಾಗಿರುವುದಿಲ್ಲ. ಲೆಕ್ಕದಲ್ಲಿ ಸೊನ್ನೆ ತಂದವರ ಮುಖ ಹಾಗಿರುತ್ತದೆ. ಹುಡುಗಿ ಬಣ್ಣದ ಅಂಚಿನ ಸರ್ಟಿಫಿಕೇಟನ್ನೂ ಅದರ ಜೊತೆಗಿದ್ದ ಒಂದು ಕಾಗದವನ್ನೂ ಮೇಜಿನ ಮೇಲಿಟ್ಟು ಒಳಗೆ ಹೋದಳು. ಟೈಲರಕ್ಕ ಕಾಗದ ಬಿಚ್ಚಿ ಓದಿದಳು. ಮೂರು ವಾರ ಬಿಟ್ಟು ಹತ್ತು ಸ್ಕೂಲುಗಳ ಮಕ್ಕಳ ಕರಕುಶಲ ಸ್ಪರ್ಧೆ. ಪ್ರತಿ ಸ್ಕೂಲಿನಿಂದ ಒಬ್ಬರು. ಬಟ್ಟೆಯೂ ಮಶಿನ್ನೂ ಅಲ್ಲೇ ಕೊಡುತ್ತಾರೆ, ಎರಡು ಗಂಟೆಯೊಳಗೆ ಎಲ್ಲರೆದುರು ಕೂತು ಹೊಲಿದು ತೋರಿಸಬೇಕು. "ನಿಮ್ಮ ಮಗಳ ಕೈಚಳಕ ಕಂಡು ನಮಗೆಲ್ಲ ಬಹಳ ಸಂತೋಷವಾಗಿದೆ," ಎಂದು ಕರಕುಶಲದ ಮೇಡಂ ಕೆಳಗೆ ಕೈಯಾರೆ ಬರೆದಿದ್ದರು.

ಆ ಏಪ್ರನ್ನಿನಲ್ಲಿ ಮಗಳ ಕೈಯ ಒಂದು ಎಳೆಯೂ ಇರಲಿಲ್ಲ.

ಹುಡುಗಿಗೆ ಹನ್ನೊಂದು ವರ್ಷ. ಸ್ಕೂಲಿನ ರಿಜಿಸ್ಟರಿನಲ್ಲಿ ಚೆಂದದ ಹೆಸರೊಂದಿದ್ದರೂ ಮನೆಯಲ್ಲಿ ಅವಳು ಗುಂಡಿ. ಆ ಹೆಸರು ಇಟ್ಟವರು ಅಜ್ಜಿ. ಎರಡು ವರ್ಷದ ಕೂಸಾಗಿದ್ದಾಗ ಮೇಜಿನ ಕೆಳಗೆ ಬಿದ್ದಿದ್ದ ಕೋಟಿನ ಗುಂಡಿಯನ್ನು ಬಾಯಿಗೆ ಹಾಕಿಕೊಂಡು, ಅದು ಗಂಟಲಲ್ಲಿ ಸಿಕ್ಕಿ ಮುಖವೆಲ್ಲ ನೀಲಿಗಟ್ಟಿತ್ತು. ಟೈಲರಕ್ಕ ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದ್ದಳು. ಡಾಕ್ಟರು ಗುಂಡಿ ತೆಗೆದರು, ಮಗು ಅತ್ತಿತು, ಎಲ್ಲರೂ ಉಸಿರು ಬಿಟ್ಟರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅಜ್ಜಿ ಮಾರನೆಯ ದಿನವೇ "ಬಾರೇ ಗುಂಡಿ" ಅಂತ ಕರೆದು ನಗಾಡಿದರು. ಟೈಲರಕ್ಕನಿಗೆ ಮಾತ್ರ ನಗು ಬರಲಿಲ್ಲ. ಅಂದಿನಿಂದ ಮಗಳು ಅಂಗಡಿಯ ಹೊಸ್ತಿಲು ದಾಟಿದರೆ ಅವಳ ಕಣ್ಣು ಮಗಳ ಕೈಯ ಮೇಲೆ. ಕತ್ತರಿ ಮುಟ್ಟಬೇಡ, ಸೂಜಿ ಹತ್ತಿರ ಹೋಗಬೇಡ, ಇಸ್ತ್ರಿಪೆಟ್ಟಿಗೆ ಬಿಸಿಯಿದೆ. ಅಂಗಡಿಯಿಂದ ಶುರುವಾದದ್ದು ನಿಧಾನಕ್ಕೆ ಅಡುಗೆಮನೆಗೂ ಬಂತು, ಬಚ್ಚಲಿಗೂ ಬಂತು. ಮೊಟ್ಟೆಯ ಸಿಪ್ಪೆ ತಾಯಿಯೇ ಬಿಡಿಸುವುದು, ಬೂಟಿನ ಲೇಸು ತಾಯಿಯೇ ಕಟ್ಟುವುದು, ಸ್ಕೂಲಿನ ಗೇಟಿನವರೆಗೆ ಬ್ಯಾಗು ತಾಯಿಯೇ ಹೊರುವುದು. ಹೀಗಾಗಿ ಟೈಲರಕ್ಕನ ಮಗಳಿಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ.

ಸ್ಕೂಲಿನವರು ಏನಾದರೂ ಹೊಲಿದು ತನ್ನಿ ಅಂತ ಒಂದು ತಿಂಗಳು ಕೊಟ್ಟಿದ್ದರು. ಗುಂಡಿ ಒಂದು ದಿನ ಕತ್ತರಿ ಎತ್ತಿಕೊಂಡಿದ್ದಳು. "ಅಯ್ಯೋ, ಇಡು ಅದನ್ನ!" ಎಂಬ ತಾಯಿಯ ಕೂಗಿಗೆ ಕತ್ತರಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಆಮೇಲೆ ಇಂದು ನಾಳೆ ಅಂತ ದಿನ ಕಳೆದವು. ಕೊನೆಯ ಸಂಜೆ ಟೈಲರಕ್ಕ, "ಹೋಗಲಿ, ನಾನು ಶುರು ಮಾಡಿಕೊಡ್ತೀನಿ, ನೀನು ಮುಗಿಸು," ಅಂತ ಕೂತವಳು ಮುಕ್ಕಾಲು ಗಂಟೆಯಲ್ಲಿ ತಾನೇ ಮುಗಿಸಿ ಇಸ್ತ್ರಿಯನ್ನೂ ಹಾಕಿಬಿಟ್ಟಿದ್ದಳು. ಬೇಕಂತಲೇ ಸ್ವಲ್ಪ ಕೆಟ್ಟದಾಗಿ ಹೊಲಿಯೋಣ ಅಂತ ಅವಳಿಗೆ ಅನಿಸಿದ್ದೂ ಉಂಟು. ಕೈ ಕೇಳಲಿಲ್ಲ.

ಊಟಕ್ಕೆ ಕೂತಾಗ ಗಂಡ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿದ. ಅವನದು ಲಿಫ್ಟ್ ರಿಪೇರಿ ಕೆಲಸ. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗುವುದಿಲ್ಲ, ಅದಕ್ಕೇ ಕಾಗದವನ್ನು ಎರಡೇ ಬೆರಳಲ್ಲಿ ಹಿಡಿದಿದ್ದ.

"ಭಲೇ ಗುಂಡಿ! ಯಾವಾಗ ಹೊಲಿದೆ? ನಂಗೆ ಗೊತ್ತೇ ಆಗಲಿಲ್ಲ."

ಗುಂಡಿ ಅನ್ನ ಕಲಸುತ್ತಲೇ ಇದ್ದಳು.

"ಅವಳಿಗೂ ಗೊತ್ತಾಗಲಿಲ್ಲ ಬಿಡು," ಅಂದರು ಅಜ್ಜಿ. "ಅವಳು ಆಗ ಪಕ್ಕದ ಕೋಣೇಲಿ ಟಿ.ವಿ. ನೋಡ್ತಿದ್ದಳು."

ಗಂಡ ಹೆಂಡತಿಯ ಕಡೆ ತಿರುಗಿದ. ಟೈಲರಕ್ಕ ಪಾತ್ರೆಯೊಳಗೆ ಸೌಟು ಆಡಿಸುತ್ತ, "ಒಂದು ಅಂಚು ಹಿಡಿದುಕೊಟ್ಟೆ, ಅಷ್ಟೇ," ಅಂದಳು.

"ನಾಲ್ಕು ಅಂಚು, ಎರಡು ಜೇಬು, ಒಂದು ಪಟ್ಟಿ," ಅಂದರು ಅಜ್ಜಿ.

"ಅತ್ತೆ, ನೀವು ಊಟ ಮಾಡಿ."

"ಮಾಡ್ತಾ ಇದೀನಲ್ಲ. ನನ್ನ ಕೈಯಲ್ಲೇ ಮಾಡ್ತಾ ಇದೀನಿ."

ಗಂಡ ಸರ್ಟಿಫಿಕೇಟನ್ನು ಮೆಲ್ಲಗೆ ಕೆಳಗಿಟ್ಟ. "ಈಗ ಈ ಸ್ಪರ್ಧೆಗೆ ಏನು ಮಾಡೋದು?"

"ಅದಕ್ಕೇನಂತೆ? ಹಿಂದಿನ ದಿನ ಜ್ವರ ಅಂತ ಒಂದು ಕಾಗದ ಬರೆದು ಕೊಟ್ಟರಾಯ್ತು," ಅಂದಳು ಟೈಲರಕ್ಕ.

"ನಂಗೆ ಜ್ವರ ಇಲ್ಲ," ಅಂದಳು ಗುಂಡಿ. ಆ ಊಟದಲ್ಲಿ ಅವಳು ಆಡಿದ್ದು ಅದೊಂದೇ ಮಾತು.

"ಮೂರು ವಾರ ಇದೆ," ಅಂದರು ಅಜ್ಜಿ. "ನಾನು ಮೂರು ವಾರದಲ್ಲಿ ಇಂಜೆಕ್ಷನ್ ಸಿರಿಂಜು ಕುದಿಸೋದರಿಂದ ಹಿಡಿದು ಬ್ಯಾಂಡೇಜ್ ಕಟ್ಟೋದರವರೆಗೆ ಕಲಿತೆ. ಒಂದು ಏಪ್ರನ್ ಹೊಲಿಯೋದು ಕಲಿಯಕ್ಕಾಗಲ್ವಾ? ಕಲಿಸಮ್ಮ."

ಹಾಗಾಗಿ ಶನಿವಾರದಿಂದ ಪಾಠ ಶುರುವಾಯಿತು. ಹಳೆಯ ಮಶಿನ್ನನ್ನು ಕಿಟಕಿಯ ಹತ್ತಿರಕ್ಕೆ ಎಳೆದು, ಒಂದು ಹಳೇ ಹಾಸಿಗೆ ಬಟ್ಟೆಯನ್ನು ತುಂಡು ಮಾಡಿ, ಟೈಲರಕ್ಕ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದಳು. ಕೂರಿಸಿ, ತಾನು ಹಿಂದೆ ನಿಂತು, ಮಗಳ ಹೆಗಲ ಮೇಲಿಂದ ಕೈ ಚಾಚಿದಳು.

"ಹೀಗೆ ಬಟ್ಟೆ ಹಿಡಿ. ಹಾಗಲ್ಲ, ಹೀಗೆ. ಬಿಡು, ಕೊಡಿಲ್ಲಿ. ನೋಡು, ಹೀಗೆ. ಗೊತ್ತಾಯ್ತಾ?"

"ಹೂಂ."

"ಎಲ್ಲಿ, ಮಾಡು ನೋಡೋಣ. ಅಯ್ಯೋ, ಬೆರಳು! ಬೆರಳು ಹಿಂದಕ್ಕೆ! ಬಿಡು ಬಿಡು, ನಾನು ಮಾಡ್ತೀನಿ."

ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗುಂಡಿಯ ಎರಡೂ ಕೈ ಮಡಿಲಲ್ಲಿದ್ದವು, ತಾಯಿಯ ಎರಡೂ ಕೈ ಮಶಿನ್ನಿನ ಮೇಲಿದ್ದವು. ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದ ಅಜ್ಜಿ ಕತ್ತೆತ್ತಿ, "ಯಾರಿಗೆ ಪಾಠ ನಡೀತಿದೆ?" ಅಂದರು.

ಟೈಲರಕ್ಕನಿಗೆ ರೇಗಿತು. "ನಿಮಗೇನು ಗೊತ್ತು ಅತ್ತೆ? ಸೂಜಿ ಬೆರಳಿಗೆ ಹೊಕ್ಕರೆ ಉಗುರಲ್ಲಿ ಬಂದು ಹೊರಗೆ ಕಾಣತ್ತೆ."

"ಅಂಥದ್ದನ್ನ ನೂರು ನೋಡಿದೀನಮ್ಮ. ಯಾರೂ ಸಾಯಲಿಲ್ಲ."

ಆದರೂ ವಾರ ಕಳೆಯುವಷ್ಟರಲ್ಲಿ ಗುಂಡಿ ಸ್ವಲ್ಪ ಸ್ವಲ್ಪ ಕೈ ಆಡಿಸತೊಡಗಿದಳು. ಸಂಜೆ ಗಿರಾಕಿಗಳು ಬಂದು ತಾಯಿ ಅಳತೆ ತೆಗೆಯಲು ಎದ್ದಾಗ ಅವಳ ಕಾಲು ಮೆಲ್ಲಗೆ ಪೆಡಲು ತುಳಿಯುತ್ತಿತ್ತು. ಮಶಿನ್ನು ನಾಲ್ಕು ಹೆಜ್ಜೆ ಓಡಿ ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಒಂಬತ್ತನೆಯ ದಿನ ಭಾನುವಾರ. ಟೈಲರಕ್ಕ ಬಟ್ಟೆ ತರಲು ಪೇಟೆಗೆ ಹೋಗಿದ್ದಾಗ ಗುಂಡಿ ಒಬ್ಬಳೇ ಕೂತು ಒಂದು ಉದ್ದನೆಯ ಅಂಚು ಮಡಿಸಿ ಹೊಲಿದಳು. ಗೆರೆ ಆರಂಭದಲ್ಲಿ ನೆಟ್ಟಗೆ ಹೊರಟು, ನಡುವೆ ಎಡಕ್ಕೆ ವಾಲಿ, ಬಟ್ಟೆಯ ತುದಿಗೆ ಬರುವ ಹೊತ್ತಿಗೆ ಇನ್ನೇನು ಕೆಳಗೆ ಬಿದ್ದೇಬಿಡುತ್ತೇನೆ ಅನ್ನುವಂತೆ ಓಲಾಡಿತ್ತು. ಗುಂಡಿ ಅದನ್ನು ಅಪ್ಪನಿಗೆ ತೋರಿಸಿದಳು, ಅಜ್ಜಿಗೆ ತೋರಿಸಿದಳು, ಕನ್ನಡಿಯೆದುರು ಹಿಡಿದು ತಾನೂ ನೋಡಿದಳು. ಸಂಜೆ ತಾಯಿಗೂ ತೋರಿಸಿದಳು.

"ಚೆನ್ನಾಗಿದೆ ಮರಿ," ಅಂದಳು ಟೈಲರಕ್ಕ. ಕಣ್ಣು ಮಾತ್ರ ಆ ವಾಲಿದ ಗೆರೆಯನ್ನು ಬಿಟ್ಟು ಕದಲಲಿಲ್ಲ.

ಸೋಮವಾರ ಗುಂಡಿ ಸ್ಕೂಲಿಗೆ ಹೋದ ಮೇಲೆ ಆ ಬಟ್ಟೆ ಮೇಜಿನ ಮೇಲೆಯೇ ಇತ್ತು. ಟೈಲರಕ್ಕ ಒಂದು ಸ್ಕರ್ಟಿನ ಸೊಂಟಪಟ್ಟಿ ಮುಗಿಸಿದಳು, ಇನ್ನೊಬ್ಬರ ಪ್ಯಾಂಟಿನ ಉದ್ದ ಕಡಿಮೆ ಮಾಡಿದಳು. ಹೋದಾಗ ಬಂದಾಗಲೆಲ್ಲ ಆ ಗೆರೆ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು. ಮಧ್ಯಾಹ್ನ ಅವಳು ಅತ್ತಿತ್ತ ನೋಡಿದಳು. ಅತ್ತೆ ಒಳಗೆ ಮಲಗಿದ್ದರು. ಬ್ಲೇಡು ತೆಗೆದುಕೊಂಡು ಸರಸರನೆ ಹೊಲಿಗೆ ಬಿಚ್ಚಿದಳು, ಅದೇ ದಾರ ಹಾಕಿ ಅದೇ ಅಂಚನ್ನು ನೆಟ್ಟಗೆ ಹೊಲಿದು, ಇದ್ದ ಜಾಗದಲ್ಲೇ ಇದ್ದ ಹಾಗೆಯೇ ಮಡಿಸಿಟ್ಟಳು. ಮೂರು ನಿಮಿಷದ ಕೆಲಸ. ಮನಸ್ಸಿಗೆ ಎಷ್ಟೋ ಹಾಯೆನಿಸಿತು.

ಸಂಜೆ ಗುಂಡಿ ಬಂದು ಬಟ್ಟೆ ಬಿಡಿಸಿದಳು. ತಿರುಗಿಸಿ ನೋಡಿದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು.

"ಅಮ್ಮಾ, ನನ್ನ ಸೊಟ್ಟ ಹೊಲಿಗೆ ಎಲ್ಲಿ?"

"ಅದೇ ಅಲ್ವಾ ಅದು?"

"ಇದು ಸೊಟ್ಟ ಇಲ್ಲ."

"ಸ್ವಲ್ಪ... ಒಂದು ಕಡೆ ಬಿಟ್ಟುಕೊಂಡಿತ್ತು. ಸರಿ ಮಾಡಿದೆ. ಏನಾಯ್ತೀಗ?"

"ನಾನು ಹೊಲಿದಿದ್ದು ಅದು!" ಹುಡುಗಿಯ ದನಿ ಒಡೆಯಿತು. "ನಾನು! ಒಬ್ಬಳೇ! ನಂದು ಅಂತ ಇದ್ದಿದ್ದು ಅದೊಂದೇ, ಅದನ್ನೂ ಬಿಚ್ಚಿಬಿಟ್ಟೆಯಲ್ಲ!"

"ಏ, ಅದಕ್ಯಾಕೆ ಅಷ್ಟು ಅಳ್ತೀಯ? ನಿನ್ನ ಒಳ್ಳೇದಕ್ಕೇ ಅಲ್ವಾ..."

"ಸೊಟ್ಟ ಇದ್ದರೂ ನಂದಾಗಿತ್ತು!"

ಅಜ್ಜಿ ಎದ್ದು ಬಂದರು. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ಗಂಡನೂ ಬಾಗಿಲಲ್ಲಿ ನಿಂತ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸಿ ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. "ಹೌದು, ನಾನೇ ಕೆಟ್ಟವಳು! ಬೆಳಿಗ್ಗೆಯಿಂದ ದುಡಿಯೋಳು ನಾನು, ಅವಳ ಹಿಂದೆ ಓಡಾಡೋಳು ನಾನು, ಕೆಟ್ಟವಳೂ ನಾನೇ! ಅವತ್ತು ಅವಳ ಮುಖ ನೀಲಿಯಾಗಿದ್ದು ನಿಮ್ಯಾರ ಕೈಯಲ್ಲೂ ಅಲ್ಲ, ನನ್ನ ಕೈಯಲ್ಲಿ."

ಗಂಡ ಬಂದು ಸ್ಟೂಲಿನ ಮೇಲೆ ಕೂತ. "ಲಿಫ್ಟ್ ಅರ್ಧಕ್ಕೆ ನಿಂತಾಗ ಒಳಗಿರೋರು ಗಾಬರಿ ಬಿದ್ದು ಎಲ್ಲಾ ಬಟನ್ನೂ ಒಟ್ಟಿಗೆ ಒತ್ತಿಬಿಡ್ತಾರೆ ಕಣೆ," ಅಂದ ಮೆಲ್ಲಗೆ. "ಅವರದೇನು ತಪ್ಪಲ್ಲ. ಆದರೆ ಅದು ಇನ್ನಷ್ಟು ಕೆಟ್ಟು ಕೂರತ್ತೆ."

"ನಾನೇನು ನಿಮ್ಮ ಲಿಫ್ಟಲ್ಲ," ಅಂದು ಅವಳು ಅಡುಗೆಮನೆಗೆ ಹೋದಳು. ಆ ರಾತ್ರಿ ಆಲೂಗಡ್ಡೆಗೆ ಉಪ್ಪು ಎರಡು ಸಲ ಬಿದ್ದಿತ್ತು, ಯಾರೂ ತುಟಿ ಪಿಟಕ್ಕೆನ್ನದೆ ತಿಂದರು.

ಬುಧವಾರ ಸಂಜೆ ಕರಕುಶಲದ ಮೇಡಂ ತಾವೇ ಅಂಗಡಿಗೆ ಬಂದರು. ಅವರೂ ಟೈಲರಕ್ಕನ ಗಿರಾಕಿ. ಹೊಲಿಯಲು ಕೊಟ್ಟಿದ್ದ ಕೋಟಿಗೆ ಬಂದಿರಬೇಕು ಅಂತ ಅವಳು ಎದ್ದಳು. ಮೇಡಂ ಕೈಬೀಸಿ, "ಕೋಟು ಆಮೇಲೆ," ಅಂದು ಸ್ಟೂಲು ಎಳೆದುಕೊಂಡು ಕೂತರು. "ನಿಮ್ಮ ಮಗಳು ಇವತ್ತು ಬೆಳಿಗ್ಗೆ ಬಂದು ಸರ್ಟಿಫಿಕೇಟು ವಾಪಸು ಕೊಟ್ಟಳು."

ಟೈಲರಕ್ಕ ಕೋಟಿನ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತಗೊಂಡಳು. "ಏನಂದಳು?"

"ಇದು ನಾನು ಹೊಲಿದಿದ್ದಲ್ಲ, ನಮ್ಮಮ್ಮ ಹೊಲಿದಿದ್ದು ಅಂದಳು. ನಾನು ಒಬ್ಬಳೇ ಕೇಳಿಸ್ಕೊಂಡಿದ್ದರೆ ಆಗ್ತಿತ್ತು. ಇವಳು ಹೇಳಿದ್ದು ಇಡೀ ಕ್ಲಾಸಿನೆದುರು. ಮಕ್ಕಳು ನಕ್ಕರು. ಒಂದಿಬ್ಬರು ಏನೇನೋ ಅಂದರು. ಇವಳು ಹೋಗಿ ಮುಖ ತೊಳ್ಕೊಂಡು ಬಂದು ತನ್ನ ಜಾಗದಲ್ಲೇ ಕೂತಳು. ಎರಡನೇ ಬಹುಮಾನ ಬಂದವಳನ್ನ ಈಗ ಸ್ಪರ್ಧೆಗೆ ಕಳಿಸ್ತೀವಿ."

"ಮೇಡಂ, ತಪ್ಪೆಲ್ಲ ನಂದು. ಅವಳದೇನೂ ಇಲ್ಲ. ನಾನು ನಾಳೆ ಸ್ಕೂಲಿಗೆ ಬಂದು ಎಲ್ಲರಿಗೂ ಹೇಳ್ತೀನಿ. ಯಾರು ನಕ್ಕಿದ್ದು? ಅವರ ಮನೆಯವರ ಹತ್ತಿರ..."

"ದಯವಿಟ್ಟು ಬರಬೇಡಿ," ಅಂದರು ಮೇಡಂ. ಆಮೇಲೆ ಮುಖದಲ್ಲಿ ಒಂಚೂರು ನಗು ತಂದುಕೊಂಡರು. "ಹದಿನೇಳು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಅರ್ಧಕ್ಕರ್ಧ ಬಹುಮಾನ ಅಪ್ಪ ಅಮ್ಮಂದಿರಿಗೇ ಕೊಟ್ಟಿರೋದು ಅಂತ ನಂಗೂ ಗೊತ್ತು. ಟೈಲರ್ ಮಗಳಲ್ವಾ, ಹುಟ್ಟಿನಿಂದಲೇ ಬಂದಿರತ್ತೆ ಅಂದ್ಕೊಂಡು ನಾನೂ ಕಣ್ಣು ಮುಚ್ಚಿದೆ. ವಾಪಸು ತಂದುಕೊಟ್ಟ ಮಗು ಇದೊಂದೇ. ಈಗ ಕೋಟು ಕೊಡಿ."

ಮೇಡಂ ಅತ್ತ ಹೋದದ್ದೇ ತಡ, ಟೈಲರಕ್ಕ ಒಳಗೆ ಬಂದಳು. ಗುಂಡಿ ಅಡುಗೆಮನೆಯ ಮೇಜಿನಲ್ಲಿ ಲೆಕ್ಕ ಬರೆಯುತ್ತಿದ್ದಳು.

"ನನ್ನ ಮಾನ ಬೀದಿಗೆ ಬಂತಲ್ಲೇ! ಹೇಳೋ ಮೊದಲು ನನ್ನ ಒಂದು ಮಾತು ಕೇಳಬಾರದಿತ್ತಾ?"

ಗುಂಡಿ ಪೆನ್ಸಿಲ್ ಕೆಳಗಿಟ್ಟಳು. "ಕೇಳಿದ್ದರೆ ನೀನೇ ಬಂದು ಹೇಳಿಬಿಡ್ತಿದ್ದೆ."

ಒಲೆಯ ಬಳಿ ನಿಂತಿದ್ದ ಅಜ್ಜಿ ನಗು ತಡೆಯಲಾಗದೆ ಕೆಮ್ಮಿನ ನೆಪ ಮಾಡಿದರು. ಅದು ನಿಜ ಅಂತ ಟೈಲರಕ್ಕನಿಗೂ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಅವಳು ಇನ್ನೊಂದು ದಾರಿ ಹಿಡಿದಳು. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, "ಇವತ್ತೊಂದು ದಿನ ಮನೇಲಿರು ಮರಿ. ಎಲ್ಲಾ ತಣ್ಣಗಾಗಲಿ," ಅಂದಳು.

"ಇವತ್ತು ಹೋಗದಿದ್ದರೆ ನಾಳೆ ಇನ್ನೂ ಜಾಸ್ತಿ ನಗ್ತಾರೆ," ಅಂದಳು ಗುಂಡಿ. ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡಳು. ಗಂಟು ನೋಡಿದರೆ ಬಿಚ್ಚಲು ಸಂಜೆ ಕತ್ತರಿಯೇ ಬೇಕಾದೀತು ಅನ್ನುವ ಹಾಗಿತ್ತು. ಬ್ಯಾಗು ಬೆನ್ನಿಗೇರಿಸಿದಳು. "ನೀನು ಬರಬೇಡ. ನಾನು ಹೋಗ್ತೀನಿ."

ಬಾಗಿಲು ಮುಚ್ಚಿಕೊಂಡಿತು. ಟೈಲರಕ್ಕ ಐದೆಣಿಸುವಷ್ಟು ಹೊತ್ತು ನಿಂತು, ಕೈಚೀಲ ಎತ್ತಿಕೊಂಡಳು.

"ಎಲ್ಲಿಗೆ?" ಅಂದರು ಅತ್ತೆ.

"ಹಾಲು ತರಕ್ಕೆ."

"ಹಾಲು ಆಗಲೇ ಕಾಯ್ತಾ ಇದೆ."

"ಮೊಸರು ತರಕ್ಕೆ," ಅಂದು ಹೊರಬಿದ್ದಳು.

ಬೀದಿಯ ತಿರುವಿನಲ್ಲಿ ಬೇಕರಿ. ಅದರ ಗಾಜಿನ ಕಪಾಟಿನ ಮರೆಗೆ ನಿಂತು ನೋಡಿದರೆ ಸ್ಕೂಲಿನ ಗೇಟು ಕಾಣುತ್ತದೆ. ಗೇಟಿನೆದುರು ನಾಲ್ಕೈದು ಹುಡುಗಿಯರು ಗುಂಪಾಗಿದ್ದರು. ಗುಂಡಿ ಹತ್ತಿರ ಬಂದದ್ದೇ ಎತ್ತರದವಳೊಬ್ಬಳು ಕೈಯನ್ನು ಮಶಿನ್ನಿನ ಹಾಗೆ ಆಡಿಸುತ್ತ ಏನೋ ಅಂದಳು. ಉಳಿದವರು ನಕ್ಕರು. ಗುಂಡಿ ನಿಂತಳು. ಟೈಲರಕ್ಕನ ಕಾಲು ತಾನಾಗಿಯೇ ಮುಂದಕ್ಕೆ ಹೊರಟಿತು. ಅವಳು ಕಪಾಟಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

ಗುಂಡಿ ತಿರುಗಿ ಏನೋ ಹೇಳಿದಳು. ಏನು ಅಂತ ಅಷ್ಟು ದೂರಕ್ಕೆ ಕೇಳಿಸಲಿಲ್ಲ. ಆದರೆ ಮತ್ತೆ ನಗು ಎದ್ದಿತು, ಈ ಸಲ ಗುಂಡಿಯೂ ನಗುತ್ತಿದ್ದಳು, ಎತ್ತರದವಳು ಅವಳ ಬ್ಯಾಗಿಗೊಂದು ಗುದ್ದು ಕೊಟ್ಟಳು. ಎಲ್ಲರೂ ಒಟ್ಟಿಗೆ ಒಳಗೆ ಹೋದರು.

"ಅಕ್ಕಾ, ಏನು ಕೊಡಲಿ?" ಅಂದ ಬೇಕರಿಯವನು. ಅವಳು ಕಣ್ಣೊರೆಸಿಕೊಂಡು ಬೇಡದಿದ್ದ ಒಂದು ಬ್ರೆಡ್ಡು ತಗೊಂಡು ಮನೆಗೆ ಬಂದಳು.

"ಮೊಸರು ಗಟ್ಟಿಯಾಗಿದೆ," ಅಂದರು ಅತ್ತೆ, ಬ್ರೆಡ್ಡನ್ನು ಒತ್ತಿ ನೋಡಿ. ಇಬ್ಬರೂ ನಕ್ಕರು. ಎಷ್ಟೋ ದಿನಗಳ ಮೇಲೆ ಅತ್ತೆ ಸೊಸೆ ಕೂತು ನಿಧಾನಕ್ಕೆ ಚಹಾ ಕುಡಿದರು.

ಸಂಜೆ ಸ್ಕೂಲಲ್ಲಿ ಏನಾಯ್ತು ಅಂತ ಕೇಳಿದಾಗ ಗುಂಡಿ, "ಕ್ಲಾಸಿನ ಎತ್ತರದ ಹುಡುಗಿ ನನ್ನ ನೋಡಿ, ಅಮ್ಮನ ಕೈಲಿ ಹೊಲಿಸ್ಕೊಂಡು ಬಂದವಳು ಅಂದಳು. ಹೌದು, ನಿಂಗೂ ಬೇಕಿದ್ದರೆ ಬಾ, ಅಳತೆ ತಗೋತಾರೆ ಅಂದೆ," ಅಂದಳು. ಹೇಳಿ ಮುಗಿಸಿ ಮೊಟ್ಟೆ ಒಡೆದು ಸಿಪ್ಪೆ ಬಿಡಿಸತೊಡಗಿದಳು. ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯೂ ಹೋಯಿತು. ಉಳಿದರ್ಧವನ್ನು ಖುಷಿಯಾಗಿ ತಿಂದಳು.

ಸ್ಪರ್ಧೆಯ ಗಡಿಬಿಡಿ ಹೋದ ಮೇಲೆ ಇನ್ನು ಹೊಲಿಗೆ ಸಾಕು ಅನ್ನುತ್ತಾಳೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಆ ಭಾನುವಾರ ಅವಳು ಅಪ್ಪನ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಟೇಪು ಹಿಡಿದು ಅಳೆಯುತ್ತಿದ್ದಳು. ಅಪ್ಪ ಅವನ್ನೆಲ್ಲ ಹರಿದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಓಡಾಡುತ್ತಿದ್ದ.

"ಅಪ್ಪಂಗೆ ಚೀಲ ಹೊಲೀತೀನಿ," ಅಂದಳು. ತಾಯಿಯ ಕಡೆ ತಿರುಗಿ, "ನೀನು ಮುಟ್ಟಂಗಿಲ್ಲ."

"ಮುಟ್ಟಲ್ಲ."

"ನಾನು ಸ್ಕೂಲಿಗೆ ಹೋದಾಗಲೂ."

"ಹೋದಾಗಲೂ ಮುಟ್ಟಲ್ಲ ಮಾರಾಯ್ತಿ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಗುಂಡಿ ದಪ್ಪ ಕಾಟನ್ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಇಟ್ಟಳು. ಗೆರೆಯೊಂದು ಕಡೆ, ಕತ್ತರಿಯೊಂದು ಕಡೆ. ಎದುರಿನ ಮಶಿನ್ನಿನಲ್ಲಿ ಕೂತಿದ್ದ ಟೈಲರಕ್ಕ ನಾಲಗೆ ಕಚ್ಚಿಕೊಂಡಳು. ಕೈಗಳು ತಾವಾಗಿ ಏಳುತ್ತವೆ ಅನಿಸಿದಾಗ ಎರಡನ್ನೂ ತೊಡೆಯ ಕೆಳಗೆ ಸಿಕ್ಕಿಸಿ ಅವುಗಳ ಮೇಲೆ ಕೂತುಬಿಟ್ಟಳು. ಅಷ್ಟರಲ್ಲಿ ಅಳತೆ ಕೊಡಲು ಬಂದ ಗಿರಾಕಿಯೊಬ್ಬಳು ಬಾಗಿಲಲ್ಲೇ ನಿಂತು, "ಚಳೀನಾ ಅಕ್ಕಾ?" ಅಂದಳು.

ಎರಡನೆಯ ದಿನ ಸೂಜಿ ಗುಂಡಿಯ ಬೆರಳಿಗೆ ತಗುಲಿತು. ಉಗುರಿನ ಪಕ್ಕ, ಆಳವೇನಲ್ಲ, ಆದರೆ ರಕ್ತ ಬಟ್ಟೆಯ ಮೇಲೆ ಎರಡು ಹನಿ ಬಿತ್ತು. ಟೈಲರಕ್ಕ ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಗುಂಡಿ ಬೆರಳು ಹಿಡಿದುಕೊಂಡು ಬಿಳಿಚಿಕೊಂಡಿದ್ದಳು. ತಾಯಿಯ ಮುಖ ನೋಡಿ ಅವಳಿಗೇ ಗಾಬರಿಯಾಯಿತು. "ಏನಾಗಿಲ್ಲ ಅಮ್ಮ. ನೀನು ಕೂತ್ಕೋ. ಬಿದ್ದುಬಿಡ್ತೀಯ."

"ನಲ್ಲಿ ಕೆಳಗೆ ಹಿಡಿ," ಅಂದಳು ಟೈಲರಕ್ಕ. "ಚೆನ್ನಾಗಿ ತೊಳಿ. ಅಜ್ಜಿ ಹತ್ತಿರ ಔಷಧಿ, ಪಟ್ಟಿ ಇದೆ. ಇಸ್ಕೊಂಡು ನೀನೇ ಹಾಕ್ಕೋ."

ಗುಂಡಿ ಹೋದಳು, ತೊಳೆದಳು, ಅಜ್ಜಿಯ ಬೈಗುಳದ ಜೊತೆ ಪಟ್ಟಿ ಸುತ್ತಿಕೊಂಡು ಬಂದು ಮತ್ತೆ ಕೂತಳು. ಟೈಲರಕ್ಕ ಅಂಗಡಿಯ ಹಿಂದಿನ ಬಾಗಿಲಿಗೆ ಹೋಗಿ ಒಂದು ಲೋಟ ನೀರು ಕುಡಿದು, ಉಸಿರು ಸರಿಮಾಡಿಕೊಂಡು ಬಂದಳು.

ಮೂರನೆಯ ದಿನ ಮೂಲೆ ಸಿಕ್ಕಿಕೊಂಡಿತು. ಚೀಲದ ತಳವನ್ನು ಪಕ್ಕಗಳಿಗೆ ಕೂರಿಸುವಾಗ ಮೂಲೆಯಲ್ಲಿ ಬಟ್ಟೆ ಉಬ್ಬಿ ನಿಲ್ಲುತ್ತಿತ್ತು. ಗುಂಡಿ ಮೂರು ಸಲ ಬಿಚ್ಚಿದಳು. ನಾಲ್ಕನೆಯ ಸಲಕ್ಕೆ ಬಟ್ಟೆಯನ್ನು ನೆಲಕ್ಕೆಸೆದು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಳು. ಟೈಲರಕ್ಕ ತನ್ನ ಹೊಲಿಗೆ ಮುಂದುವರಿಸಿದಳು. ಆಮೇಲೆ ಗುಂಡಿಯೇ ಮೆಲ್ಲಗೆ, "ಅಮ್ಮಾ, ಈ ಮೂಲೆ ಹೇಗೆ?" ಅಂದಳು.

ಟೈಲರಕ್ಕನ ಕೈ ನೆಲದ ಮೇಲಿನ ಬಟ್ಟೆಯ ಕಡೆ ಹೋಗಿ, ಅರ್ಧದಲ್ಲೇ ನಿಂತಿತು. ಅವಳು ತನ್ನ ಮೇಜಿನ ಕೆಳಗಿನಿಂದ ಬೇರೊಂದು ತುಂಡು ಬಟ್ಟೆ ಎಳೆದುಕೊಂಡಳು.

"ನಿನ್ನದು ನೀನು ಹಿಡ್ಕೋ. ನಂದು ನಾನು ಹಿಡ್ಕೋತೀನಿ. ನೋಡು, ಮೂಲೆಗೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಲಿ. ಬಟ್ಟೆ ಒತ್ತಿ ಹಿಡಿಯೋ ಮಶಿನ್ನಿನ ಪಾದ ಎತ್ತು. ಬಟ್ಟೆ ತಿರುಗಿಸು. ಮೊದಲು ಇಲ್ಲಿ ಒಂಚೂರು ಕತ್ತರಿಸಬೇಕು, ಹೊಲಿಗೆಗೆ ತಾಗದ ಹಾಗೆ. ಆಗ ಉಬ್ಬಲ್ಲ."

ಇಬ್ಬರೂ ಎದುರುಬದುರು ಕೂತು, ಅವರವರ ಬಟ್ಟೆಯಲ್ಲಿ ಅವರವರ ಮೂಲೆ ತಿರುಗಿಸಿದರು. ತಾಯಿಯದು ಚಾಕುವಿನಲ್ಲಿ ಕೊಯ್ದ ಹಾಗಿತ್ತು. ಮಗಳದು ಬೆಂದ ಆಲೂಗಡ್ಡೆಯ ಹಾಗಿತ್ತು. ಆದರೆ ಉಬ್ಬಿರಲಿಲ್ಲ.

"ಬಂತು!" ಅಂದಳು ಗುಂಡಿ.

"ಬಂತು," ಅಂದಳು ಟೈಲರಕ್ಕ.

ಇನ್ನೂ ಐದು ದಿನ ಹಿಡಿಯಿತು. ಚೀಲ ಮುಗಿದಾಗ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಒಳಗಿನ ಆರು ಜೇಬುಗಳಲ್ಲಿ ಒಂದು ತಲೆಕೆಳಗಾಗಿತ್ತು. ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಮನೆಯೆಲ್ಲ ಸುತ್ತಿ ಬಂದು, "ತಲೆಕೆಳಗಾಗಿರೋದರಲ್ಲಿ ಏನಿಡ್ಲಿ?" ಅಂತ ಕೇಳಿದ. "ಏನೂ ಇಡಬೇಡ, ಅದು ಅಲಂಕಾರಕ್ಕೆ," ಅಂದರು ಅಜ್ಜಿ. ಸ್ಪರ್ಧೆಗೆ ಹೋಗಿದ್ದ ಎರಡನೇ ಬಹುಮಾನದ ಹುಡುಗಿ ಮೂರನೆಯವಳಾಗಿ ಗೆದ್ದು ಬಂದ ಸುದ್ದಿಯನ್ನು ಅದೇ ದಿನ ಗುಂಡಿ ಊಟದ ನಡುವೆ ಹೇಳಿದಳು, ಪಕ್ಕದ ಬೀದಿಯ ಸುದ್ದಿ ಹೇಳಿದ ಹಾಗೆ. ಹೇಳಿ ಇನ್ನೊಂದು ಸೌಟು ಅನ್ನ ಬಡಿಸಿಕೊಂಡಳು.

ಅಪ್ಪ ಹದಿನೈದು ದಿನ ಚೀಲ ಹೊತ್ತುಕೊಂಡು ಕೆಲಸಕ್ಕೆ ಹೋದ. ಹದಿನಾರನೆಯ ದಿನ ಸಂಜೆ ಅದನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಅವುಚಿಕೊಂಡು ಮನೆಗೆ ಬಂದ. ಒಂದು ದೊಡ್ಡ ಆಫೀಸಿನ ಕೆಳಗಿನ ಹಾಲಿನಲ್ಲಿ, ಸೂಟು ಹಾಕಿದವರೆಲ್ಲ ಲಿಫ್ಟಿಗೆ ಕಾಯುತ್ತಿದ್ದಾಗ, ಹೆಗಲ ಪಟ್ಟಿ ಬುಡದಲ್ಲಿ ಕಿತ್ತುಕೊಂಡು ಎಲ್ಲಾ ಸ್ಪ್ಯಾನರುಗಳೂ ಒಟ್ಟಿಗೆ ಕಲ್ಲುನೆಲದ ಮೇಲೆ ಬಿದ್ದಿದ್ದವಂತೆ. "ಆ ಸದ್ದಿಗೆ ಕಾವಲಿನವನು ಹೊರಗೆ ಓಡಿಹೋದ. ಒಬ್ಬರು ದೊಡ್ಡ ಸಾಹೇಬರು ಕಂಬದ ಹಿಂದೆ ಅವಿತುಕೊಂಡರು," ಅಂತ ಅಪ್ಪ ನಟಿಸಿ ತೋರಿಸಿದ. ಅಜ್ಜಿ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡರು.

ಟೈಲರಕ್ಕ ನಗುತ್ತಲೇ ಗುಂಡಿಯ ಮುಖ ನೋಡಿದಳು. ಅಳುತ್ತಾಳೇನೋ ಅಂತ. ಗುಂಡಿ ಆಗಲೇ ಚೀಲವನ್ನು ಅಪ್ಪನ ಕೈಯಿಂದ ಇಸಿದುಕೊಂಡು ಕಿತ್ತ ಜಾಗವನ್ನು ತಿರುಗಿಸಿ ನೋಡುತ್ತಿದ್ದಳು.

"ಒಂದೇ ಸಾಲು ಹೊಲಿಗೆ ಹಾಕಿದ್ದೆ. ಸ್ಪ್ಯಾನರ್ ಭಾರ ಅಂತ ಹೊಳೀಲೇ ಇಲ್ಲ," ಅಂದಳು. "ಚೌಕಕ್ಕೆ ಹೊಲಿದು ನಡುವೆ ಅಡ್ಡ ಹಾಕಬೇಕು, ಅಲ್ವಾ?"

"ಹೂಂ," ಅಂದಳು ಟೈಲರಕ್ಕ. ಅಷ್ಟೇ ಅಂದಳು.

ಗುಂಡಿ ಚೀಲ ಹೊತ್ತು ಮುಂದಿನ ಕೋಣೆಗೆ ಹೋದಳು. ದೀಪ ಹಾಕಿದ ಸದ್ದು, ಸ್ಟೂಲು ಎಳೆದ ಸದ್ದು. ಟೈಲರಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಲು ಕೂತಳು. ಗಂಡ ಪಕ್ಕದಲ್ಲಿ ಕೂತು ಸಿಪ್ಪೆ ಬಿಡಿಸಿಕೊಡುತ್ತಿದ್ದ. ಮುಂದಿನ ಕೋಣೆಯಿಂದ ಕೂಗು ಬಂತು.

"ಅಮ್ಮಾ, ಇಷ್ಟು ದಪ್ಪಕ್ಕೆ ಯಾವ ಸೂಜಿ?"

"ಹದಿನೆಂಟನೇ ನಂಬರಿಂದು."

"ಎಲ್ಲಿದೆ ಅದು?"

ಟೈಲರಕ್ಕ ಚಾಕು ಕೆಳಗಿಟ್ಟು ಅರ್ಧ ಎದ್ದಳು. ಎಡಗಡೆಯ ಎರಡನೇ ಡ್ರಾಯರು, ಬಾಬಿನ್ನುಗಳ ಹಿಂದೆ, ತಗಡಿನ ಡಬ್ಬಿಯಲ್ಲಿ. ಕಣ್ಣು ಮುಚ್ಚಿಕೊಂಡು ತೆಗೆದುಕೊಡಬಲ್ಲಳು. ಗಂಡ ಕತ್ತೆತ್ತಿ ಅವಳನ್ನೇ ನೋಡಿದ. ಅವಳು ಮತ್ತೆ ಕೂತು, ಚಾಕು ಎತ್ತಿಕೊಂಡು, ಬಾಗಿಲ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿ ಹೇಳಿದಳು:

"ಹುಡುಕು!"